ಹ್ಯಾಸ್ಕಲ್ ಮೇಷ್ಟ್ರ ಬಿಳಿ ಅಂಗಿ

ಕೆನಡಾದ ಕಡೆಯಿಂದ ಬೀಸುವ ಗಾಳಿ ಗಡಿ ದಾಟುವ ಮೊದಲು ಒಂದು ಗಳಿಗೆ ನಿಂತು, ವಿನ್ಸ್ಲೋ ಹ್ಯಾಸ್ಕಲ್ ಮೇಷ್ಟ್ರು ಊರಲ್ಲಿದ್ದಾರೋ ಇಲ್ಲವೋ ಎಂದು ವಿಚಾರಿಸಿಕೊಂಡು, ಆಮೇಲೆಯೇ ಕೆಂಡಲ್ ಮಿಲ್ಸ್‌ಗೆ ಕಾಲಿಡುತ್ತಿತ್ತಂತೆ. ಅವರು ಊರಲ್ಲಿದ್ದರೆ ಗಾಳಿ ತಲೆ ತಗ್ಗಿಸಿಕೊಂಡು ಪಕ್ಕದ ಊರಿನ ಮೇಲೆ ಹಾದುಹೋಗುತ್ತಿತ್ತಂತೆ. ಇದನ್ನು ಹೇಳುವವರು ಪಕ್ಕದ ಊರಿನವರಲ್ಲ ಎಂಬುದನ್ನು ಗಮನಿಸಬೇಕು. ಒಂದು ಸಲ ಕಾಡಿನ ರಸ್ತೆಯಲ್ಲಿ ಅಡ್ಡ ನಿಂತಿದ್ದ ಭಾರಿ ಕಡವೆಯೊಂದು ಬರಿಯ ಅಂಗಿಯಲ್ಲಿ ಬರುತ್ತಿದ್ದ ಮೇಷ್ಟ್ರನ್ನು ಕಂಡು, ತನ್ನ ಮೈತುಂಬ ಇದ್ದ ಕೂದಲಿಗೆ ತಾನೇ ನಾಚಿಕೊಂಡು ಪೊದೆಯೊಳಗೆ ಸರಿದುಹೋಯಿತಂತೆ. ಇಗರ್ಜಿಯ ಒಲೆ ಕೆಟ್ಟ ಭಾನುವಾರ ಪಾದ್ರಿಗಳು ಅವರನ್ನು ನಡುಬೆಂಚಿನಲ್ಲಿ ಕೂರಿಸಿ, ಮುದುಕಿಯರನ್ನೆಲ್ಲ ಅವರ ಸುತ್ತ ಕೂರಿಸಿದ್ದಂತೂ ನಿಜ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಮುದುಕಿಯರು ಬೆಚ್ಚಗಾಗಿದ್ದರು. ನಂಬಿಕೆ ಅಷ್ಟು ದೊಡ್ಡದು.

ಇಷ್ಟೆಲ್ಲ ಪುರಾಣಕ್ಕೆ ಕಾರಣ ಬಹಳ ಚಿಕ್ಕದು. ಹ್ಯಾಸ್ಕಲ್ ಮೇಷ್ಟ್ರು ಕೋಟು ಹಾಕುತ್ತಿರಲಿಲ್ಲ. ಅಷ್ಟೇ. ಮೇನ್ ರಾಜ್ಯದ ಆ ಉತ್ತರದ ಮೂಲೆಯಲ್ಲಿ, ಜನವರಿಯಲ್ಲಿ ಮೂಗಿನ ಒಳಗಿನ ಕೂದಲೂ ಸೆಟೆದು ನಿಲ್ಲುವಾಗ, ಅವರು ಒಂದು ಬಿಳಿ ಹತ್ತಿ ಅಂಗಿ, ಒಂದು ಕಂದು ಟೈ ತೊಟ್ಟು ಶಾಲೆಯ ಅಂಗಳವನ್ನು ಮೆರವಣಿಗೆಯ ದೇವರಂತೆ ನಿಧಾನವಾಗಿ ದಾಟುತ್ತಿದ್ದರು. ಓಡುತ್ತಿರಲಿಲ್ಲ, ಕೈ ಉಜ್ಜುತ್ತಿರಲಿಲ್ಲ. ಆ ನಿಧಾನ ನಡಿಗೆಯನ್ನು ಊರು ಗಾಂಭೀರ್ಯವೆಂದು ಕರೆಯಿತು. ಅದು ಗಾಂಭೀರ್ಯವಾಗಿರಲಿಲ್ಲ, ಏನೆಂಬುದು ಮುಂದೆ ಬರುತ್ತದೆ.

ನಿಜವೇನೆಂದರೆ, ಇಡೀ ಜಿಲ್ಲೆಯಲ್ಲಿ ಹ್ಯಾಸ್ಕಲ್ ಮೇಷ್ಟ್ರಷ್ಟು ಚಳಿಗೆ ಹೆದರುವ ಪ್ರಾಣಿ ಇನ್ನೊಂದಿರಲಿಲ್ಲ. ಬೇಸಿಗೆ ಮುಗಿದು ಮೇಪಲ್ ಮರದ ಒಂದು ಎಲೆ ಕೆಂಪಾದರೆ ಸಾಕು, ಅವರ ಬೆನ್ನಹುರಿಯಲ್ಲಿ ಯಾರೋ ತಣ್ಣನೆಯ ಚಮಚ ಆಡಿಸಿದಂತಾಗುತ್ತಿತ್ತು. ಚಿಕ್ಕಂದಿನಲ್ಲಿ ಅವರ ತಾಯಿ ಅವರನ್ನು ಬೆಕ್ಕಿನ ಜೊತೆಗೆ ಒಲೆಯ ಹಿಂದೆ ಮಲಗಿಸುತ್ತಿದ್ದರು. ಸೆಕೆ ತಡೆಯಲಾರದೆ ಎದ್ದುಹೋಗುತ್ತಿದ್ದದ್ದು ಬೆಕ್ಕು.

ಹಾಗಾದರೆ ಈ ವೇಷ ಹೇಗೆ ಅಂಟಿತು? ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ, ಶಾಲೆಗೆ ಬರುವ ದಾರಿಯಲ್ಲಿ ಅವರ ಗಾಡಿ ಹಿಮದಲ್ಲಿ ಜಾರಿ ಚರಂಡಿಗೆ ಇಳಿಯಿತು. ಚಕ್ರಕ್ಕೆ ಹಿಡಿತ ಸಿಗಲೆಂದು, ಆ ಕಡೆ ಎಲ್ಲರೂ ಮಾಡುವಂತೆ, ಮೈಮೇಲಿನ ಕೋಟು ತೆಗೆದು ಚಕ್ರದ ಕೆಳಗೆ ಹಾಸಿದರು. ಚಕ್ರ ಕೋಟನ್ನು ನುಂಗಿತು, ಗಾಡಿ ಮಾತ್ರ ಅಲುಗಲಿಲ್ಲ. ಉಳಿದ ದಾರಿಯನ್ನು ಅಂಗಿಯಲ್ಲೇ ನಡೆದು ಬಂದಾಗ ಬಾಗಿಲಲ್ಲಿ ಎದುರಾದವರು ಆಗಿನ ಮುಖ್ಯೋಪಾಧ್ಯಾಯಿನಿ ಮಿಸೆಸ್ ಸ್ಟರ್ಟವಂಟ್. ಆಕೆ ಅವರನ್ನು ಮೇಲಿಂದ ಕೆಳಗೆ ನೋಡಿ, ಈ ಕಾಲದಲ್ಲೂ ಇಂಥ ಗಂಡಸರು ಇದ್ದಾರಲ್ಲ ಎಂದು ಬೆರಗಾಗಿ, ಅವತ್ತಿನ ಪ್ರಾರ್ಥನಾ ಸಭೆಯಲ್ಲಿ ಇಡೀ ಶಾಲೆಯ ಮುಂದೆ ನಿಲ್ಲಿಸಿ ಹೊಗಳಿದರು. ಕೋಟು ಚಕ್ರದ ಕೆಳಗಿದೆ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆಯಲು ನೋಡಿದರು. ದವಡೆ ಸೆಟೆದುಕೊಂಡಿತ್ತು. ಹಲ್ಲುಗಳಷ್ಟೇ ಕಾಣಿಸಿದವು. ಸಭೆ ಅದನ್ನು ನಗುವೆಂದು ತಿಳಿದು ಚಪ್ಪಾಳೆ ಹೊಡೆಯಿತು.

ಮಾರನೆಯ ದಿನ ಹೊಸ ಕೋಟು ತೊಟ್ಟು ಬಾಗಿಲವರೆಗೆ ಬಂದರು. ಕಿಟಕಿಗಳಲ್ಲಿ ಮಕ್ಕಳ ಮುಖಗಳು ಸಾಲಾಗಿ ಕಾಯುತ್ತಿದ್ದವು. ಕೋಟನ್ನು ಗಾಡಿಯಲ್ಲೇ ಬಿಟ್ಟರು. ಅಲ್ಲಿಗೆ ಮುಗಿಯಿತು. ಒಂದು ದಿನದ ಸುಳ್ಳನ್ನು ಎರಡನೆಯ ದಿನ ಸರಿಪಡಿಸಬಹುದಿತ್ತು; ಎರಡು ದಿನದ್ದನ್ನು ಸರಿಪಡಿಸಲು ಅವರ ಬಾಯಿಗೆ ಶಕ್ತಿ ಬರಲಿಲ್ಲ.

ಮುಂದಿನದೆಲ್ಲ ಅವರ ಹೆಂಡತಿ ಡೆಲ್ಫೀನ್ ಕೈಚಳಕ. ಆಕೆ ಬಿಳಿ ಅಂಗಿಗಳ ಒಳಗೆ ದಪ್ಪ ಉಣ್ಣೆಯ ಬಟ್ಟೆ ಇಟ್ಟು ಹೊಲಿದಳು. ಅದರ ಕೆಳಗೆ ತೊಡಲು ಬೂದು ಉಣ್ಣೆಯ ಬನಿಯನ್, ಅದರ ಕೆಳಗೆ ಕುತ್ತಿಗೆಯಿಂದ ಕಣಕಾಲಿನವರೆಗೆ ಒಂದೇ ತುಂಡಾಗಿ ಬರುವ ಕೆಂಪು ಒಳ ಉಡುಪು. ಇದನ್ನೆಲ್ಲ ಊರಿನ ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಪಕ್ಕದ ಜಿಲ್ಲೆಗೆ ಹೋಗಿ, ತನ್ನ ಮಾವನಿಗೆ ಎಂದು ಹೇಳಿ ತರುತ್ತಿದ್ದಳು. ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಒಗೆದದ್ದನ್ನು ಹೊರಗಿನ ಹಗ್ಗದ ಮೇಲೆ ಹರವುವಂತೆಯೂ ಇರಲಿಲ್ಲ, ನೆಲಮಾಳಿಗೆಯಲ್ಲಿ ಕದ್ದ ಮಾಲಿನಂತೆ ಒಣಗಿಸಬೇಕಿತ್ತು.

"ಬೇರೆ ಗಂಡಸರು ಬಾಟ್ಲಿ ಬಚ್ಚಿಡ್ತಾರೆ, ಹೆಂಗಸರನ್ನ ಬಚ್ಚಿಡ್ತಾರೆ," ಎಂದಿದ್ದಳು ಡೆಲ್ಫೀನ್ ಒಂದು ಸಲ, ಸೂಜಿ ಬಾಯಲ್ಲಿಟ್ಟುಕೊಂಡೇ. "ನನ್ನ ಹಣೇಲಿ ಬನಿಯನ್ ಬಚ್ಚಿಡೋನು ಬರೆದಿತ್ತು."

ಕೀರ್ತಿ ಎಂಬುದು ಸುಮ್ಮನೆ ಕೂರುವ ವಸ್ತುವಲ್ಲ, ಕೆಲಸ ತರುತ್ತದೆ. ಚಳಿಯೇ ಆಗದ ಮನುಷ್ಯ ಇರುವಾಗ ಬೇರೆ ಯಾರು ಬೇಕು ಎಂದು ಶಾಲೆಯ ಔಟಿಂಗ್ ಕ್ಲಬ್ಬನ್ನು ಅವರ ತಲೆಗೇ ಕಟ್ಟಿದರು. ಬೆಟ್ಟ ಹತ್ತುವುದು, ಹಿಮದ ಮೇಲೆ ನಡೆಯುವುದು, ಮತ್ತು ಪ್ರತಿ ಫೆಬ್ರವರಿಯಲ್ಲಿ ಪೆಂಬರ್ಟನ್ ಕೆರೆಯ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು, ಆ ಹೊಂಡದಲ್ಲಿ ಒಬ್ಬೊಬ್ಬರಾಗಿ ಮುಳುಗಿ ಏಳುವುದು. ಈ ಮುಳುಗು ನೋಡಲು ಸುತ್ತಲ ಊರಿನವರೆಲ್ಲ ಬರುತ್ತಿದ್ದರು. ಸಂಜೆ ರೈತ ಸಂಘದ ಹಾಲ್‌ನಲ್ಲಿ ಕಾಕಂಬಿ ಹಾಕಿ ಬೇಯಿಸಿದ ಬೀನ್ಸು, ಕಂದು ರೊಟ್ಟಿಯ ಊಟ.

ಆ ಮುಳುಗಿಗೆ ಒಂದು ನಿಯಮ ಉಂಟು. ಅವತ್ತು ಬೆಳಗಿನಿಂದ ಬೀನ್ಸಿನ ಊಟ ಮುಗಿಯುವವರೆಗೆ ಯಾರೂ 'ಚಳಿ' ಎನ್ನಬಾರದು. ನೀರಿನಿಂದ ಎದ್ದವರನ್ನು ಕ್ಲಬ್ಬಿನ ಅಧ್ಯಕ್ಷರು ಕಂಬಳಿ ಹಿಡಿದುಕೊಂಡು "ಹೇಗಿದೆ?" ಎಂದು ಕೇಳುತ್ತಾರೆ. ಉತ್ತರ ಹೇಳಿದ ಮೇಲೆಯೇ ಕಂಬಳಿ. "ಪರವಾಗಿಲ್ಲ" ಎನ್ನಬಹುದು, "ಸ್ವಲ್ಪ ಒದ್ದೆ" ಎನ್ನಬಹುದು. ತುಟಿ ನೇರಳೆಯಾಗಿದ್ದ ಹುಡುಗನೊಬ್ಬ "ಸೋಪು ಮರೆತೆ" ಎಂದದ್ದನ್ನು ಊರು ಇಂದಿಗೂ ನೆನೆಯುತ್ತದೆ. ಆ ಪದ ಬಾಯಿಂದ ಜಾರಿದವರು ಬೀನ್ಸಿನ ಹಂಡೆಗಳನ್ನು ತಿಕ್ಕಬೇಕು. ಹಂಡೆಯಾದರೂ ಒಂದು ಸಂಜೆಯದು, ಹೆಸರು ಜನ್ಮದ್ದು. ರೇಮಂಡ್ ಡುಬೆ ಈಗ ಬ್ಯಾಂಕಿನ ಮ್ಯಾನೇಜರು, ತಲೆ ಬೋಳಾಗಿದೆ, ಸಾಲ ಬೇಕಾದವರು ಕೈಕಟ್ಟಿ ನಿಲ್ಲುತ್ತಾರೆ. ಬೆನ್ನ ಹಿಂದೆ ಅವರು ಇವತ್ತಿಗೂ 'ಚಳಿ ರೇಮಂಡ್'. ಈ ನಿಯಮ ಮಾಡಿದ ಮಹಾನುಭಾವರು ಯಾರೆಂದು ಹೇಳಬೇಕಾಗಿಲ್ಲ.

ಇಷ್ಟು ವರ್ಷಗಳಲ್ಲಿ ಮೇಷ್ಟ್ರು ಸ್ವತಃ ಒಮ್ಮೆಯೂ ನೀರಿಗಿಳಿದಿರಲಿಲ್ಲ. ಮುಳುಗುವವರ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ಹಗ್ಗದ ತುದಿ ಹಿಡಿಯಲು ಒಬ್ಬರು ಒಣಗಿರಲೇಬೇಕಿತ್ತು. "ನನಗೂ ಆಸೆ ಇದೆ, ಆದರೆ ಹಗ್ಗ ಯಾರಿಗೆ ಕೊಡಲಿ?" ಎಂದು ಅವರು ನಿಟ್ಟುಸಿರು ಬಿಟ್ಟರೆ, ನೋಡುವವರಿಗೆ ಕರುಳು ಚುರ್ರೆನ್ನುತ್ತಿತ್ತು.

ಹೀಗೇ ನಿವೃತ್ತಿಯವರೆಗೆ ಸಾಗಿಹೋಗುತ್ತಿತ್ತೋ ಏನೋ. ಆದರೆ ಕೊರಿನ್ ಮಿಷೋ ಎಂಬ ಹುಡುಗಿ ಇದ್ದಳು.

ಕೊರಿನ್ ಆ ವರ್ಷ ಕ್ಲಬ್ಬಿನ ಅಧ್ಯಕ್ಷೆ, ಶಾಲೆಯ ಕೊನೆಯ ತರಗತಿ. ಹೈಸ್ಕೂಲಿಗೆ ಸೇರಿದ ವರ್ಷ ಮೇಷ್ಟ್ರು ಅಂಗಳ ದಾಟುವುದನ್ನು ನೋಡಿ, ಅವತ್ತೇ ಕೋಟು ಬಿಟ್ಟವಳು. ಅಮ್ಮ ಬೈದಳು, ಅಜ್ಜಿ ಅತ್ತಳು. ಮನಸ್ಸು ಗಟ್ಟಿ ಇದ್ದರೆ ಆಗಲ್ಲ ಎನ್ನುತ್ತಿದ್ದಳು. ಈ ಮಾತು ಮೇಷ್ಟ್ರದೇ, ಯಾವುದೋ ಪಾಠದ ನಡುವೆ ಹೇಳಿದ್ದು. ಅವಳ ಬೆರಳಿನ ಗೆಣ್ಣುಗಳು ಚಳಿಗಾಲವಿಡೀ ಒಡೆದು ರಕ್ತ ಒಸರುತ್ತಿದ್ದವು. ಮೇಷ್ಟ್ರು ಅದನ್ನು ನೋಡಿಯೂ ನೋಡದಂತೆ ಭೂಪಟದ ಕಡೆ ತಿರುಗುತ್ತಿದ್ದರು.

ಜನವರಿಯ ಒಂದು ಮಧ್ಯಾಹ್ನ ಬಸ್ಸು ತಡವಾಯಿತು. ಬಸ್ಸಿಗೆ ಕಾಯುತ್ತ ನಿಂತಿದ್ದ ಕೊರಿನ್ ಪಕ್ಕ ಹಾದುಹೋಗುವಾಗ ಮೇಷ್ಟ್ರ ಕಣ್ಣಿಗೆ ಅವಳ ಕಿವಿ ಬಿತ್ತು. ಕಿವಿಯ ಅಂಚು ಮೇಣದಬತ್ತಿಯ ಹಾಗೆ ಬೆಳ್ಳಗಾಗಿತ್ತು. ಕೋಟೆಲ್ಲಿ ಎಂದು ಕೇಳಿದರು, ಅಷ್ಟು ವರ್ಷಗಳಲ್ಲಿ ಮೊದಲ ಸಲ.

"ನಿಮಗೂ ಇಲ್ವಲ್ಲ ಮೇಷ್ಟ್ರೇ," ಎಂದಳು ಅವಳು, ನಗುತ್ತ.

ಅವಳೆದುರು ನಿಂತಿದ್ದ ಮನುಷ್ಯ ಆ ಗಳಿಗೆಯಲ್ಲಿ ಎರಡು ಕುರಿಗಳ ಉಣ್ಣೆಯೊಳಗೆ ಹುದುಗಿದ್ದ. ಒಂದೇ ಒಂದು ಗುಂಡಿ ಬಿಚ್ಚಿ ತೋರಿಸಿದ್ದರೆ ಸಾಕಿತ್ತು. ಮೇಷ್ಟ್ರ ಕೈ ಅಂಗಿಯ ಕಾಲರಿನವರೆಗೆ ಹೋಯಿತು, ಟೈ ಸರಿಮಾಡಿಕೊಂಡು ಕೆಳಗಿಳಿಯಿತು. ಏನೋ ನೆಪ ಹೇಳಿ ಅವಳನ್ನು ಒಳಗೆ ನರ್ಸಿನ ಹತ್ತಿರ ಕಳಿಸಿದರು. ಕಿವಿಯಂಚಿನ ಚರ್ಮ ಸುಲಿಯಬಹುದು, ಇನ್ನು ಪ್ರತಿ ಚಳಿಗಾಲವೂ ಅಲ್ಲಿ ನೋಯಬಹುದು ಎಂದು ಹೇಳಿ ನರ್ಸು ಕಿವಿಗೆ ಬಿಳಿ ಪಟ್ಟಿ ಕಟ್ಟಿದಳು. ಕೊರಿನ್ ಆ ಪಟ್ಟಿಯನ್ನು ಪದಕದ ಹಾಗೆ ಧರಿಸಿಕೊಂಡು ತಿರುಗಿದಳು.

ಅದುವರೆಗೆ ಮೇಷ್ಟ್ರಿಗೆ ಇದ್ದದ್ದು ಸಿಕ್ಕಿಬೀಳುವ ಭಯ. ಅವತ್ತಿನಿಂದ ನಾಚಿಕೆ. ಎರಡಕ್ಕೂ ವ್ಯತ್ಯಾಸವಿದೆ ಎಂದು ಅವರಿಗೆ ಗೊತ್ತಾದದ್ದು ಊಟಕ್ಕೆ ಕುಳಿತಾಗ: ಭಯದಲ್ಲಿ ಅವರು ಎರಡು ಬಟ್ಟಲು ಮೀನಿನ ಗಂಜಿ ಕುಡಿಯುತ್ತಿದ್ದರು, ನಾಚಿಕೆಯಲ್ಲಿ ಒಂದೂ ಇಳಿಯಲಿಲ್ಲ. ಉಣ್ಣೆಯ ಮೇಲೆ ಉಣ್ಣೆ ಹೇರಿದರೂ ಸಿಗದಿದ್ದ ಕಾವು ಈಗ ಮುಖಕ್ಕೆ ತಾನಾಗಿ ಏರುತ್ತಿತ್ತು, ಆ ಬಿಳಿ ಪಟ್ಟಿ ಕಂಡಾಗಲೆಲ್ಲ.

ಅದೇ ತಿಂಗಳ ಕೊನೆಗೆ ಪ್ರಾರ್ಥನಾ ಸಭೆಯಲ್ಲಿ ಕೊರಿನ್ ವೇದಿಕೆ ಹತ್ತಿದಳು. ಈ ಸಲ ಅಗ್ನಿಶಾಮಕ ದಳದವರು ಕಿತ್ತಳೆ ಬಣ್ಣದ ಉಡುಪು ತೊಟ್ಟು ನೀರೊಳಗೇ ನಿಲ್ಲುತ್ತಾರೆ, ಹಗ್ಗದ ಅಗತ್ಯವಿಲ್ಲ ಎಂದಳು. ಆದ್ದರಿಂದ ಇಷ್ಟು ವರ್ಷ ನಮಗಾಗಿ ತಮ್ಮ ಆಸೆ ಅದುಮಿಟ್ಟುಕೊಂಡ ಹ್ಯಾಸ್ಕಲ್ ಮೇಷ್ಟ್ರು, ನಿವೃತ್ತಿಯ ಈ ವರ್ಷ, ಮೊಟ್ಟಮೊದಲನೆಯವರಾಗಿ ಮುಳುಗುತ್ತಾರೆ ಎಂದಳು. ಮುಳುಗುವ ಮೊದಲು ಅವರು ಕಳಚುವ ಬಿಳಿ ಅಂಗಿಯನ್ನು ಶಾಲೆಯ ಬಹುಮಾನಗಳ ಗಾಜಿನ ಬೀರುವಿನಲ್ಲಿ, ಬಾಸ್ಕೆಟ್‌ಬಾಲ್ ಕಪ್ಪುಗಳ ಪಕ್ಕ, ಶಾಶ್ವತವಾಗಿ ಇಡಲಾಗುತ್ತದೆ ಎಂದೂ ಹೇಳಿದಳು. ಕಟ್ಟಡ ಅಲುಗುವಂತೆ ಚಪ್ಪಾಳೆ. ಮೇಷ್ಟ್ರು ಹಲ್ಲು ತೋರಿಸಿದರು. ಮೊದಲ ದಿನದಂತೆಯೇ, ಅದು ನಗುವಾಗಿರಲಿಲ್ಲ.

ಮಾರನೆಯ ಬೆಳಗಿನ ತಿಂಡಿಗೆ ಕುಳಿತಾಗ ಡೆಲ್ಫೀನ್ ಸಲಹೆ ಕೊಟ್ಟಳು.

"ಹೇಳಿಬಿಡು, ವಿನ್."

"ಈಗ ಹೇಗೆ ಹೇಳ್ಲಿ?"

"ಬಾಯಿಂದ," ಎಂದು ಆಕೆ ಅವರ ತಟ್ಟೆಗೆ ದೋಸೆಯಂಥ ತೆಳ್ಳನೆಯ ಬಕ್‌ವೀಟ್ ಹಿಟ್ಟಿನ ರೊಟ್ಟಿ ಹಾಕಿದಳು.

ಬಾಯಿಗೆ ಬದಲು ಮೇಷ್ಟ್ರು ಬುದ್ಧಿ ಉಪಯೋಗಿಸಿದರು. ಗೆಳೆಯ ಓರಿನ್ ಕಾಬ್‌ನದೊಂದು ಮರದ ಗೂಡು ಕೆರೆಯ ಮಂಜುಗಡ್ಡೆಯ ಮೇಲೆ, ಮುಳುಗುವ ಜಾಗದ ಪಕ್ಕದಲ್ಲೇ ಇತ್ತು. ಒಳಗೆ ಒಲೆ ಹಚ್ಚಿಕೊಂಡು ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಗೆ ಮೀನಿನ ಗಾಳ ಬಿಟ್ಟು ಕೂರುವಂಥದ್ದು. ಮುಳುಗಿನ ಹಿಂದಿನ ದಿನ ಮೇಷ್ಟ್ರು ಗಾಳ ಹಾಕುವ ನೆಪದಲ್ಲಿ ಹೋಗಿ, ಅಲ್ಲಿನ ಮೊಳೆಗೆ ಹೊಚ್ಚಹೊಸ, ಒಳಗೆ ಏನೂ ಹೊಲಿಯದ ಬಿಳಿ ಅಂಗಿಯೊಂದನ್ನು ತೂಗುಹಾಕಿ ಬಂದರು. ಮೆರವಣಿಗೆ ಉದ್ದ, ಹಾಗಾಗಿ ಕೆರೆಯವರೆಗೆ ಉಣ್ಣೆ ಸಮೇತ ಹೋಗುವುದು. ಗೂಡಿಗೆ ನುಗ್ಗಿ ಎಲ್ಲ ಕಳಚಿ, ಹೊಸ ಅಂಗಿ ತೊಟ್ಟು ಹೊರಬರುವುದು. ಅದನ್ನು ಬಿಚ್ಚಿ ಕೊಟ್ಟು ನೀರಿಗೆ ಹಾರುವುದು. ಸತ್ತರೂ ಮಾನದಿಂದ ಸಾಯುವುದು.

ಮುಳುಗಿನ ದಿನ ಹ್ಯಾಸ್ಕಲ್ ಮೇಷ್ಟ್ರನ್ನು ಕುದುರೆ ಜಾರುಬಂಡಿಯಲ್ಲಿ ಕೂರಿಸಿ, ಶಾಲೆಯ ಬ್ಯಾಂಡು ಮುಂದೆ, ಊರು ಹಿಂದೆ, ಕೆರೆಗೆ ಕರೆತಂದರು. ಯುದ್ಧ ಗೆದ್ದವರಿಗೂ ಅಷ್ಟು ಮರ್ಯಾದೆ ಸಿಕ್ಕಿರಲಾರದು. ಬಂಡಿಯಿಂದಿಳಿದ ಮೇಷ್ಟ್ರು ಗಂಭೀರವಾಗಿ ಗೂಡಿನತ್ತ ತಿರುಗಿದರು. ಗೂಡು ಇದ್ದ ಜಾಗದಲ್ಲಿ ಹಿಮದ ಮೇಲೆ ಅಚ್ಚುಕಟ್ಟಾದ ಒಂದು ಚೌಕ, ಚೌಕದ ನಡುವೆ ಮೀನಿನ ಕಿಂಡಿ ಮಾತ್ರ ಇತ್ತು. ದೂರದಲ್ಲಿ, ಕೆರೆಯ ಆಚೆ ದಡದಲ್ಲಿ, ಕಡ್ಡಿಪೆಟ್ಟಿಗೆಯಷ್ಟು ಚಿಕ್ಕದಾಗಿ ಗೂಡಿನ ಹೊಗೆಕೊಳವೆ ಕಾಣುತ್ತಿತ್ತು.

"ಬೆಳಗ್ಗೆನೇ ಟ್ರ್ಯಾಕ್ಟರ್ ಕಟ್ಟಿ ಎಳೆದು ಹಾಕ್ದೆ, ವಿನ್," ಎಂದ ಓರಿನ್, ಉಪಕಾರ ಮಾಡಿದವನ ಹೆಮ್ಮೆಯಿಂದ. "ನಿನ್ನನ್ನ ನೋಡೋಕೆ ಜನಕ್ಕೆ ಅಡ್ಡ ಆಗಬಾರದಲ್ಲ."

ಇನ್ನೂ ಒಂದು ದಾರಿ ಉಳಿದಿತ್ತು. ಎದೆ ಹಿಡಿದುಕೊಂಡು ಕುಸಿಯುವುದು. ವಯಸ್ಸಾದ ಮನುಷ್ಯ, ಆಂಬುಲೆನ್ಸ್ ಬೇರೆ ದಡದಲ್ಲೇ ನಿಂತಿದೆ, ಯಾರೂ ಅನುಮಾನಿಸರು. ಪುರಾಣಕ್ಕೆ ಕಣ್ಣೀರಿನ ಒಂದು ಅಧ್ಯಾಯ ಸೇರುತ್ತದೆ, ಅಷ್ಟೇ. ಮೇಷ್ಟ್ರ ಬಲಗೈ ಎದೆಯವರೆಗೆ ಬಂತು. ಅಷ್ಟರಲ್ಲಿ ಹೊಂಡದ ಅಂಚಿನಲ್ಲಿ ನಿಂತಿದ್ದ ಕೊರಿನ್ ಕಂಡಳು. ತೆಳ್ಳನೆಯ ಅಂಗಿ, ತೋಳಿನ ಮೇಲೆ ಕಂಬಳಿ, ಕಿವಿಗೆ ಪಟ್ಟಿ. ನೀಲಿಗಟ್ಟಿದ ತುಟಿ ನಡುಗದಂತೆ ಹಲ್ಲಿನಿಂದ ಕಚ್ಚಿ ಹಿಡಿದು, ಅವರನ್ನೇ ನೋಡಿ ನಗುತ್ತಿದ್ದಳು. ಆ ನಗು ಯಾವ ಜಾತಿಯದೆಂದು ಆ ಊರಿನಲ್ಲಿ ಗೊತ್ತಿದ್ದವರು ಒಬ್ಬರೇ.

ಬರುವ ವರ್ಷ ಅವಳು ಇನ್ನೂ ಉತ್ತರದ ಕಾಲೇಜಿಗೆ ಹೋಗುವವಳಿದ್ದಳು. ಅಲ್ಲಿಯೂ ಹೀಗೇ ನಿಲ್ಲುತ್ತಾಳೆ.

ಎದೆಯ ಮೇಲಿದ್ದ ಕೈ ಗುಂಡಿ ಬಿಚ್ಚತೊಡಗಿತು.

ತುಂಬಿದ ಸಭೆಯಲ್ಲಿ ಎಳೆದಷ್ಟೂ ಮುಗಿಯದ ಸೀರೆಯ ಕಥೆ ನಾವೆಲ್ಲ ಕೇಳಿದ್ದೇವೆ. ಅಲ್ಲಿ ಬಟ್ಟೆ ಮುಗಿಯದೆ ಮಾನ ಉಳಿಯಿತು. ಇಲ್ಲಿ ಬಟ್ಟೆ ಮುಗಿಯದೆ ಮಾನ ಹೋಯಿತು. ಬಿಳಿ ಅಂಗಿಯನ್ನು ಕೊರಿನ್ ಎರಡು ಕೈಯಲ್ಲಿ ಪ್ರಸಾದದಂತೆ ತೆಗೆದುಕೊಂಡಳು, ಮತ್ತು ಅದರ ಭಾರಕ್ಕೆ ಅವಳ ಕೈ ಜಗ್ಗಿತು. ಮಡಿಸಲು ನೋಡಿದಳು. ಅಂಗಿ ಮಡಚಿಕೊಳ್ಳಲಿಲ್ಲ. ಒಳಗಿನ ದಪ್ಪ ಉಣ್ಣೆ ಕಂಡಿತು, ಡೆಲ್ಫೀನಳ ನೀಟಾದ ಹೊಲಿಗೆಯೂ ಕಂಡಿತು. ಅದರ ಹಿಂದೆಯೇ ಬೂದು ಬನಿಯನ್ ಬಂತು. ಪ್ಯಾಂಟು ಜಾರಿದಾಗ ಕುತ್ತಿಗೆಯಿಂದ ಕಣಕಾಲಿನವರೆಗೆ ಬೆಂಕಿಯಂತೆ ಕೆಂಪಾದ ಆ ಒಂದು ತುಂಡಿನ ಉಡುಪು, ಹಿಂಭಾಗದಲ್ಲಿ ಅವಸರಕ್ಕೆಂದು ಇಟ್ಟ ಪುಟ್ಟ ಬಾಗಿಲು ಸಮೇತ, ಬಿಸಿಲಿನಲ್ಲಿ ಬೆಳಗಿತು. ಅದೂ ಕಳಚಿದ ಮೇಲೆ ಚಡ್ಡಿಯೊಂದರಲ್ಲಿ ನಿಂತ ಮೇಷ್ಟ್ರ ಹೊಟ್ಟೆಗೆ ಪಟ್ಟಿಯಿಂದ ಬಿಗಿದಿದ್ದ ಬಿಸಿನೀರಿನ ರಬ್ಬರ್ ಚೀಲ ಕಾಣಿಸಿತು. ಅವರು ಅದನ್ನು ಬಿಚ್ಚುವಾಗ ಅದು ಗುಳುಗುಳು ಎಂದಿತು. ಚೀಲದ ನೀರು ಸದ್ದು ಮಾಡದಿರಲೆಂದೇ ಅಷ್ಟು ವರ್ಷ ಅಷ್ಟು ನಿಧಾನವಾಗಿ ನಡೆದದ್ದು ಎಂಬುದು ಒಬ್ಬೊಬ್ಬರಿಗೇ ಹೊಳೆಯತೊಡಗಿತು.

ಜನ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಬ್ಯಾಂಡಿನವರು ಕೊಳಲು ಕೆಳಗಿಳಿಸಿ ತಮ್ಮ ಬೂಟು ನೋಡಿಕೊಂಡರು. ಒಂದು ಕಾಲದಲ್ಲಿ ಮೇಷ್ಟ್ರ ಪಕ್ಕ ಕುಳಿತು ಬೆಚ್ಚಗಾದ ಮುದುಕಿಯೊಬ್ಬರು ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. ಚಳಿ ರೇಮಂಡ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಓರಿನ್ ಮೆಲ್ಲಗೆ ಕೇಳಿದ:

"ವಿನ್, ಒಳಗೆ ಇನ್ನೂ ಯಾರಾದ್ರೂ ಇದ್ದಾರಾ?"

ಇನ್ನು ಯಾರೂ ಇರಲಿಲ್ಲ. ಗರಿ ಕಿತ್ತ ಕೋಳಿಯಂಥ ಒಬ್ಬ ಮುದುಕ ಇದ್ದ, ಅಷ್ಟೇ. ಅವರು ಯಾರ ಮುಖವನ್ನೂ ನೋಡಲಿಲ್ಲ. ಹೊಂಡದ ಅಂಚಿಗೆ ಹೋಗಿ, ಮೂಗು ಹಿಡಿದುಕೊಂಡು ನೀರಿಗೆ ಹಾರಿದರು.

ನೀರಿನ ಒಳಗೆ ಒಂದು ಕ್ಷಣ ಬಹಳ ಚೆನ್ನಾಗಿತ್ತು, ಯಾಕೆಂದರೆ ಅಲ್ಲಿ ಯಾರೂ ಅವರನ್ನು ನೋಡುತ್ತಿರಲಿಲ್ಲ. ಆಮೇಲೆ ನೀರು ಅವರ ಪಕ್ಕೆಲುಬುಗಳನ್ನು ಒಂದೊಂದಾಗಿ ಮುಟ್ಟಿ ಗುರುತು ಹಿಡಿಯಿತು. ಕಿತ್ತಳೆ ಉಡುಪಿನವರಿಬ್ಬರು ಕಂಕುಳಿಗೆ ಕೈಹಾಕಿ ಮೇಲೆತ್ತಿ ನಿಲ್ಲಿಸಿದರು. ಗಡ್ಡದಿಂದ ನೀರು ಇಳಿಯುತ್ತಿದ್ದಂತೆಯೇ ಗಟ್ಟಿಯಾಗುತ್ತಿತ್ತು.

ಕೊರಿನ್ ಕಂಬಳಿ ಹಿಡಿದು ಎದುರಿಗೆ ಬಂದಳು. ಈಗ ಅವಳು ನಗುತ್ತಿರಲಿಲ್ಲ. ಒಂದು ತೋಳಿನಲ್ಲಿ ಕಂಬಳಿ, ಇನ್ನೊಂದರಲ್ಲಿ ಆ ಭಾರದ ಅಂಗಿ. ನಿಯಮದ ಪ್ರಕಾರ ಕೇಳಲೇಬೇಕಿತ್ತು. ಕೇಳದೆ ತಿರುಗಿ ಹೋಗುತ್ತಾಳೇನೋ ಎಂದು ಎಲ್ಲರಿಗೂ ಅನಿಸಿತು. ಊರಿಡೀ ಒಂದು ಜಾಣ ಉತ್ತರಕ್ಕಾಗಿ ಕಾದಿತ್ತು. ಒಂದು ಒಳ್ಳೆಯ ಮಾತು ಬಿದ್ದರೆ ಸಾಕು, ಎಲ್ಲರೂ ನಕ್ಕು ಕ್ಷಮಿಸಿ ಬೀನ್ಸು ತಿನ್ನಲು ಹೋಗುವವರಿದ್ದರು. ಮೇಷ್ಟ್ರ ನಾಲಗೆಯ ತುದಿಗೆ ಅಂಥ ಎರಡು ಮೂರು ಬಂದೂ ಇದ್ದವು.

"ಹೇಗಿದೆ, ಮೇಷ್ಟ್ರೇ?" ಎಂದಳು ಕೊರಿನ್.

ದವಡೆ ಈ ಸಲವೂ ಸೆಟೆದುಕೊಂಡಿತ್ತು. ಅವರು ಎರಡೂ ಕೈಯಿಂದ ಕೆನ್ನೆ ತಿಕ್ಕಿ ಅದನ್ನು ಸಡಿಲ ಮಾಡಿಕೊಂಡರು.

"ಚಳಿ," ಎಂದರು.

ಅವಳು ಕಂಬಳಿ ಕೊಡಲಿಲ್ಲ. "ಇವತ್ತಾ, ಯಾವಾಗ್ಲೂನಾ?"

"ಯಾವಾಗ್ಲೂ," ಎಂದರು ಹ್ಯಾಸ್ಕಲ್ ಮೇಷ್ಟ್ರು. "ನೀನು ಹೋಗಿ ಕೋಟು ಹಾಕ್ಕೋ."